ಎಂಜಿನಿಯರಿಂಗ್ ಇಂಟರ್ನ್‌ಶಿಪ್, ಬೇಸಿಗೆ ಶಿಬಿರ: ಜೂನಿಯರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೆಕ್ಯಾನಿಕಲ್ ಕೊನೇ ವರ್ಷದವಳು. ಊರು ಗುಬ್ಬಿ ತಾಲೂಕಿನ ಒಂದು ಹಳ್ಳಿ. ಕಳೆದ ಬೇಸಿಗೆಯಲ್ಲಿ ನಾಲ್ಕು ವಾರ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಸಿಎನ್‌ಸಿ ಶಾಪ್‌ನಲ್ಲಿ (ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕೊರೆಯೋ ಮೆಷಿನ್‌ಗಳ ವರ್ಕ್‌ಶಾಪ್) ಇಂಟರ್ನ್‌ಶಿಪ್ ಮಾಡಿದೆ. ಅದು ಮುಗಿದ ಮೂರನೇ ದಿನಕ್ಕೆ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಇಬ್ಬರು ಗೆಳತಿಯರ ಜೊತೆ ಸೇರಿ ಒಂಬತ್ತು ದಿನದ ಬೇಸಿಗೆ ಶಿಬಿರ ನಡೆಸಿದೆ. ಆಮೇಲಿಂದ ಹಾಸ್ಟೆಲ್ ಮೆಟ್ಟಿಲ ಮೇಲೆ, ಬಸ್ಸಲ್ಲಿ, ವಾಟ್ಸಾಪ್‌ನಲ್ಲಿ ಇದೇ ಪ್ರಶ್ನೆಗಳು ಬರುತ್ತಾ ಇವೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಅಕ್ಕಾ, ಒಂದೇ ಮಾತಲ್ಲಿ ಹೇಳಿ, ಏನು ಕಲಿತಿರಿ?

ಅಳೆಯೋದು. ಅಳೆದಾಗ ಏನು ಬಂತೋ ಅದನ್ನೇ ಬರೆಯೋದು, ಅದನ್ನೇ ಹೇಳೋದು.

ಇಷ್ಟೇನಾ ಅಂತ ಅನ್ನಿಸಬಹುದು. ನಾಲ್ಕು ವಾರದಲ್ಲಿ ಸಿಎನ್‌ಸಿ ಪ್ರೋಗ್ರಾಮಿಂಗ್ ಪೂರ್ತಿ ಬಂದುಬಿಡುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಡ್ರಾಯಿಂಗ್ ಓದೋದು, ಟೂಲ್ ಗುರುತು ಹಿಡಿಯೋದು, ಮೆಷಿನ್‌ಗೆ ಆದೇಶ ಕೊಡೋ ಜಿ-ಕೋಡ್‌ನಲ್ಲಿ ಯಾವ ಸಾಲು ಏನು ಮಾಡುತ್ತೆ ಅನ್ನೋದು ಸ್ವಲ್ಪ ಸ್ವಲ್ಪ ಬಂತು, ನಿಜ. ಆದರೆ ಅಳತೆ ವಿಷಯದಲ್ಲಿ ನನ್ನ ಅಭ್ಯಾಸವೇ ಬದಲಾಯಿತು.

ಕಾಲೇಜ್ ಲ್ಯಾಬಲ್ಲೂ ಅಳೀತೀವಲ್ಲ?

ಅಳೀತೀವಿ. ಆದರೆ ಅಲ್ಲಿ ಉತ್ತರ ಮೊದಲೇ ಗೊತ್ತಿರುತ್ತೆ. ಗ್ರಾಫ್ ನೇರವಾಗಿ ಬರಬೇಕು ಅಂತ ಗೊತ್ತು, ಸೀನಿಯರ್ ರೆಕಾರ್ಡ್ ಪಕ್ಕದಲ್ಲಿ ಇರುತ್ತೆ, ನಮ್ಮ ರೀಡಿಂಗ್ ಆಚೀಚೆ ಹೋದರೆ ನಾವೇ ಸ್ವಲ್ಪ ಸರಿಮಾಡಿ ಬರೀತೀವಿ. ನಾನೂ ಎರಡು ವರ್ಷ ಹಾಗೇ ಬರೆದಿದ್ದೇನೆ. ಯಾರಿಗೂ ನಷ್ಟ ಆಗಲ್ಲ ಅಂದುಕೊಂಡಿದ್ದೆ. ನಷ್ಟ ಆಗೋದು ನಮಗೇ, ಯಾಕಂದ್ರೆ ಕಣ್ಣೆದುರು ಇರೋ ಸಂಖ್ಯೆಯನ್ನು ನಂಬದೇ ಇರೋದು ಹಾಗೇ ರೂಢಿ ಆಗಿಬಿಡುತ್ತೆ.

ಶಾಪ್‌ನಲ್ಲಿ ಆ ಸಂಖ್ಯೆ ನೋಡಿಕೊಂಡೇ ಮುಂದಿನ ಜಾಬ್, ಅಂದರೆ ಮೆಷಿನ್‌ನಲ್ಲಿ ಮಾಡೋ ಬಿಡಿಭಾಗ, ಕಟ್ ಆಗುತ್ತೆ. ನಾವು ಸುಳ್ಳು ಬರೆದರೆ ಮೆಷಿನ್ ಆ ಸುಳ್ಳಿನ ಪ್ರಕಾರವೇ ಕೊರೆಯುತ್ತೆ.

ಮೊದಲ ವಾರ ಏನು ಮಾಡಿಸ್ತಾರೆ? ಸುಮ್ನೆ ನಿಲ್ಲಿಸ್ತಾರಂತೆ, ಹೌದಾ?

ನನ್ನನ್ನು ಮೊದಲ ಮೂರು ದಿನ ಬರ್ ತೆಗೆಯೋಕೆ ಕೂರಿಸಿದರು. ಕಟಿಂಗ್ ಆದ ಮೇಲೆ ಜಾಬ್‌ನ ಅಂಚಲ್ಲಿ ಉಳಿಯೋ ಚೂಪಾದ ಏಣು ಇರುತ್ತಲ್ಲ, ಅದೇ ಬರ್. ಸಣ್ಣ ಅರ ಹಿಡಿದು ದಿನಕ್ಕೆ ಇನ್ನೂರು ಜಾಬ್. ಇದಕ್ಕೆ ಎಂಜಿನಿಯರಿಂಗ್ ಓದಬೇಕಿತ್ತಾ ಅಂತ ಬೇಜಾರಾಗಿತ್ತು. ನಾಲ್ಕನೇ ದಿನ ಮೈಕ್ರೋಮೀಟರ್ (ತಿರುಪು ತಿರುಗಿಸಿ ಸೂಕ್ಷ್ಮವಾಗಿ ಅಳೆಯೋ ಸಾಧನ) ಕೈಗೆ ಕೊಟ್ಟಾಗ ಗೊತ್ತಾಯಿತು, ಆ ಬರ್ ಸ್ವಲ್ಪ ಉಳಿದರೂ ರೀಡಿಂಗ್ ಕೆಟ್ಟು ಹೋಗುತ್ತೆ. ಬೆರಳ ತುದಿಗೆ ಬರ್ ಗೊತ್ತಾಗೋ ತನಕ ಅಳತೆ ಮಾಡೋಕೆ ಬಿಡಲ್ಲ ಅನ್ನೋದು ಅಲ್ಲಿಯ ಸೆಟ್ಟರ್ (ಮೆಷಿನ್‌ಗೆ ಟೂಲ್, ಅಳತೆ ಹೊಂದಿಸಿಕೊಡುವವರು) ಅಣ್ಣನ ಪದ್ಧತಿ. ಒಳ್ಳೇ ಪದ್ಧತಿ ಅದು.

ಆಮೇಲೆ ಮೈಕ್ರೋಮೀಟರ್ ಹಿಡಿಯೋದು. ಬೆಳಿಗ್ಗೆ ಬಂದ ತಕ್ಷಣ ಉದ್ದ ಖಚಿತವಾಗಿ ಗೊತ್ತಿರೋ ಸೆಟ್ಟಿಂಗ್ ರಾಡ್ ಇಟ್ಟು ಜೀರೋ ಸರಿ ಇದೆಯಾ ನೋಡಬೇಕು. ರ್ಯಾಚೆಟ್ ಅನ್ನೋ ತುದಿಯ ಹಿಡಿಯಿಂದಲೇ ತಿರುಗಿಸಬೇಕು, ಮೂರು ಸಲ ಟಿಕ್ ಅಂದ ಮೇಲೆ ಓದಬೇಕು, ಜೋರಾಗಿ ಬಿಗಿದರೆ ಅಳತೆ ಕಡಿಮೆ ತೋರಿಸುತ್ತೆ. ಅದರ ಒಂದು ಗೆರೆ 0.01 ಮಿ.ಮೀ. ನಮ್ಮ ತಲೆಗೂದಲು ಅದಕ್ಕಿಂತ ಐದಾರು ಪಟ್ಟು ದಪ್ಪ. ಸೆಕೆಂಡ್ ಇಯರ್‌ನಲ್ಲಿ ಇದನ್ನೆಲ್ಲ ಓದಿ ಪಾಸಾಗಿದ್ದೆ, ಆದರೆ ಕೈಗೆ ಬಂದಿದ್ದು ಮಾತ್ರ ಪೀಣ್ಯದಲ್ಲೇ.

ಏನಾದರೂ ತಪ್ಪು ಮಾಡಿದರೆ ಏನಾಗುತ್ತೆ? ಬೈತಾರಾ?

ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗೇ ಉತ್ತರ ಕೊಡುತ್ತೇನೆ, ಯಾಕಂದ್ರೆ ನನ್ನಿಂದ ನಾಲ್ಕು ಜಾಬ್ ರಿಜೆಕ್ಟ್ ಆದವು.

ಎರಡನೇ ವಾರ. ಅಲ್ಯೂಮಿನಿಯಂ ರಿಂಗ್‌ಗಳು ಬರ್ತಾ ಇದ್ದವು. ಹೊರ ವ್ಯಾಸ 80 ಮಿ.ಮೀ., ಡ್ರಾಯಿಂಗ್‌ನಲ್ಲಿ 79.97ರಿಂದ 80.00ರ ಒಳಗೆ ಇರಬೇಕು ಅಂತ ಇತ್ತು. ಸೆಟ್ಟರ್ ಅಣ್ಣ ಟೀಗೆ ಹೋಗಿದ್ದರು. ಮೆಷಿನ್‌ನಿಂದ ಈಗಷ್ಟೇ ತೆಗೆದ ಜಾಬ್ ಒರೆಸಿ ಅಳೆದೆ, 80.02 ಬಂತು. ಇನ್ನೊಂದು ಸಲ ಅಳೆದೆ, ಅದೇ. ಆಪರೇಟರ್‌ಗೆ ಹೇಳಿದೆ, ಅವರು ನನ್ನ ಮಾತು ನಂಬಿ ಆಫ್‌ಸೆಟ್ (ಮೆಷಿನ್‌ನಲ್ಲಿ ಅಳತೆ ಹೆಚ್ಚು ಕಡಿಮೆ ಮಾಡೋ ಸಂಖ್ಯೆ) 0.03 ಕಡಿಮೆ ಮಾಡಿದರು. ಮುಂದೆ ನಾಲ್ಕು ಜಾಬ್ ಆದವು.

ಸೆಟ್ಟರ್ ಅಣ್ಣ ಬಂದು ಮೊದಲು ಮಾಡಿದ ಕೆಲಸ ಅಳೆಯೋದಲ್ಲ, ಟ್ರೇಯಲ್ಲಿದ್ದ ಜಾಬ್ ಮೇಲೆ ಕೈ ಇಟ್ಟರು. ಬಿಸಿ ಇತ್ತು. ಬಾಗಿಲಿನ ಗಾಜಿನಿಂದ ಒಳಗೆ ಇಣುಕಿದರೆ ಕೂಲಂಟ್, ಅಂದರೆ ತಂಪು ಮಾಡೋ ನೀರಿನ, ಪೈಪ್‌ನ ಮೂತಿ ಪಕ್ಕಕ್ಕೆ ತಿರುಗಿತ್ತು, ನೀರು ಟೂಲ್ ಮೇಲೆ ಬೀಳ್ತಾನೇ ಇರಲಿಲ್ಲ. ಅವರು ಗದಗ ಕಡೆಯವರು. "ನೋಡವ್ವಾ, ಬಿಸಿ ಐತಿ. ಬಿಸಿ ಇದ್ದಾಗ ಅಳತಿ ದೊಡ್ಡದು ತೋರಸ್ತೈತಿ" ಅಂದರು. ನಾನು ಮೊದಲು ಅಳೆದಿದ್ದ ಜಾಬನ್ನು ಸರ್ಫೇಸ್ ಪ್ಲೇಟ್ ಮೇಲೆ ಇಟ್ಟರು, ನನಗೂ ಟೀ ತರಿಸಿದರು, ಅರ್ಧ ಗಂಟೆ ಬಿಟ್ಟು ನನ್ನ ಕೈಯಲ್ಲೇ ಅಳೆಸಿದರು. 79.98. ಜಾಬ್ ಸರಿಯಾಗೇ ಇತ್ತು! ನನ್ನ ಮಾತು ಕೇಳಿ ಆಮೇಲೆ ಮಾಡಿದ ನಾಲ್ಕೂ ತಣ್ಣಗಾದ ಮೇಲೆ 79.95. ಹೊರ ವ್ಯಾಸ ಕಡಿಮೆ ಆದರೆ ವಾಪಸ್ ಸೇರಿಸೋಕೆ ಆಗಲ್ಲ, ನಾಲ್ಕೂ ಸ್ಕ್ರ್ಯಾಪ್.

ಲೆಕ್ಕ ಆಮೇಲೆ ಹಾಕಿ ನೋಡಿದೆ. ಒಂದು ಮೀಟರ್ ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಯಾದರೆ ಸುಮಾರು 23 ಮೈಕ್ರಾನ್ ಬೆಳೆಯುತ್ತೆ. 80 ಮಿ.ಮೀ. ರಿಂಗ್ 22 ಡಿಗ್ರಿ ಜಾಸ್ತಿ ಬಿಸಿ ಇದ್ದರೆ 40 ಮೈಕ್ರಾನ್, ಅಂದರೆ 0.04 ಮಿ.ಮೀ. ನನ್ನ 80.02ಕ್ಕೂ 79.98ಕ್ಕೂ ಇರೋ ವ್ಯತ್ಯಾಸ ಸರಿಯಾಗಿ ಅಷ್ಟೇ. ಅಳತೆಗೆ ಅಂತ ಜಗತ್ತಿನಲ್ಲೆಲ್ಲ ಒಪ್ಪಿಕೊಂಡಿರೋ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಅಂತ ಪರೀಕ್ಷೆಯಲ್ಲಿ ಒಂದು ಮಾರ್ಕ್‌ಗೆ ಬರೆದಿದ್ದೆ. ಅದು ಯಾಕೆ ಅಂತ ಆವತ್ತು ಅರ್ಥ ಆಯಿತು.

ಬೈದರಾ ಅಂದರೆ, ಇಲ್ಲ. ಸೂಪರ್‌ವೈಸರ್ ಬಂದು ಯಾರು ಅಳೆದಿದ್ದು ಅಂತ ಕೇಳಿದಾಗ ನಾನೇ ಅಂತ ತಕ್ಷಣ ಹೇಳಿದೆ. ಹೇಳೋಕೆ ಮುಂಚೆ ಎದೆ ಹೊಡ್ಕೊಳ್ತಾ ಇತ್ತು. ರಿಜೆಕ್ಷನ್ ಶೀಟ್‌ನಲ್ಲಿ ಕಾರಣ ನನ್ನ ಕೈಯಲ್ಲೇ ಬರೆಸಿದರು, ಕೂಲಂಟ್ ಪೈಪ್ ಟೈಟ್ ಮಾಡಿಸಿದರು, ಕೆಲಸ ಮುಂದುವರೀತು. ನಾನು ಹೇಳದೇ ಸುಮ್ಮನಿದ್ದಿದ್ದರೆ ಆಪರೇಟರ್ ಮೇಲೆ ಬರ್ತಿತ್ತು, ಮತ್ತೆ ಆ ಪೈಪ್ ಹಾಗೇ ತಿರುಗಿಕೊಂಡು ಇನ್ನೆಷ್ಟು ಜಾಬ್ ಹೋಗ್ತಿದ್ದವೋ.

ಎಲ್ಲಾ ಕಡೆ ಹೀಗೇ ಇರುತ್ತೆ ಅಂತ ಹೇಳಲ್ಲ. ಕೂಗಾಡೋ ಜಾಗಗಳೂ ಇವೆ. ಆದರೂ ತಪ್ಪಾದ ತಕ್ಷಣ ಹೇಳಿಬಿಡಿ, ಹತ್ತು ನಿಮಿಷ ತಡ ಆದರೂ ಅಷ್ಟರಲ್ಲಿ ಇನ್ನೆರಡು ಜಾಬ್ ಆಗಿರುತ್ತವೆ.

ಜಾಗ ಹುಡುಕೋದು ಹೇಗೆ? ನಮಗೆ ಯಾರ ಪರಿಚಯವೂ ಇಲ್ಲ.

ನನಗೂ ಇರಲಿಲ್ಲ. ಕಾಲೇಜಿನ ಲೆಟರ್ ಹಿಡಿದು ಪೀಣ್ಯದಲ್ಲಿ ಎರಡು ದಿನ ಓಡಾಡಿದೆ. ಗೇಟಲ್ಲೇ ವಾಪಸ್ ಕಳಿಸಿದವರೇ ಜಾಸ್ತಿ, ಹದಿಮೂರನೇ ಶಾಪ್‌ನಲ್ಲಿ ಒಳಗೆ ಕರೆದರು. ದೊಡ್ಡ ಹೆಸರೇ ಬೇಕು ಅಂತ ಕಾಯಬೇಡಿ. ಎಚ್‌ಎಎಲ್, ಬಿಇಎಲ್‌ನಂಥ ದೊಡ್ಡ ಸರ್ಕಾರಿ ಕಂಪನಿಗಳಿಗೆ ಅರ್ಜಿ ಹಾಕೋದಾದರೆ ಕಾಲೇಜ್ ಮೂಲಕ, ತಿಂಗಳುಗಳ ಮುಂಚೆಯೇ ಹಾಕಬೇಕು. ಸಣ್ಣ ಶಾಪ್‌ನಲ್ಲಿ ನೇರವಾಗಿ ಮಾಲೀಕರ ಹತ್ತಿರವೇ ಮಾತಾಡಬಹುದು, ಮತ್ತೆ ನಿಜವಾಗಿ ಕೆಲಸ ಮುಟ್ಟೋಕೆ ಬಿಡೋದು ಅಲ್ಲೇ ಅಂತ ನನ್ನ ಅನುಭವ.

ಬೆಂಗಳೂರೇ ಆಗಬೇಕಂತಲೂ ಇಲ್ಲ. ತುಮಕೂರು ಪಕ್ಕ ವಸಂತನರಸಾಪುರ ಕೈಗಾರಿಕಾ ಪ್ರದೇಶ ಇದೆ. ಬೆಳಗಾವಿಯ ಉದ್ಯಮಬಾಗ್ ಮತ್ತು ಶಿವಮೊಗ್ಗದ ಮಾಚೇನಹಳ್ಳಿ ಕಡೆ ಫೌಂಡ್ರಿಗಳಿವೆ, ಎರಕ ನೋಡಬೇಕು ಅನ್ನೋರು ಅಲ್ಲಿಗೇ ಹೋಗಬೇಕು. ಸಂಶೋಧನೆ ಕಡೆ ಮನಸ್ಸಿದ್ದರೆ ಬೆಂಗಳೂರಿನ ಜಕ್ಕೂರಿನಲ್ಲಿರೋ ಜವಾಹರಲಾಲ್ ನೆಹರು ಸೆಂಟರ್ ಬೇಸಿಗೆ ಫೆಲೋಶಿಪ್ ಕೊಡುತ್ತೆ, ಅದಕ್ಕೆ ಬೇಸಿಗೆ ಬರೋ ತನಕ ಕಾದರೆ ಆಗಲ್ಲ, ಅರ್ಜಿ ಬಹಳ ಮುಂಚೆ ಕರೀತಾರೆ.

ದುಡ್ಡು ಕಟ್ಟಿದರೆ ಆನ್‌ಲೈನ್‌ನಲ್ಲೇ ಸರ್ಟಿಫಿಕೇಟ್ ಕೊಡ್ತಾರಂತೆ, ತಗೋಬಹುದಾ?

ಬೇಡ. ನನ್ನ ಕ್ಲಾಸಿನವರೇ ಕೆಲವರು ತಗೊಂಡರು, ಇಂಟರ್ವ್ಯೂನಲ್ಲಿ "ನೀನು ಅಲ್ಲಿ ಏನು ಮಾಡಿದೆ" ಅಂತ ಕೇಳಿದಾಗ ಎರಡನೇ ವಾಕ್ಯಕ್ಕೆ ಮಾತು ನಿಂತು ಹೋಯಿತು. ನಾನಂತೂ ಆ ನಾಲ್ಕು ಸ್ಕ್ರ್ಯಾಪ್ ಬಗ್ಗೆಯೇ ಕಾಲು ಗಂಟೆ ಮಾತಾಡಿದೆ.

ಸ್ಟೈಪೆಂಡ್ ಎಷ್ಟು?

ನನಗೆ ಸಿಗಲಿಲ್ಲ. ಮಧ್ಯಾಹ್ನದ ಊಟ, ಎರಡು ಟೀ ಕೊಡ್ತಿದ್ದರು. ದಾಸರಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡೆ, ಅಲ್ಲಿಂದ ಪೀಣ್ಯ ಇಂಡಸ್ಟ್ರಿ ಮೆಟ್ರೋಗೆ ಎರಡೇ ಸ್ಟಾಪ್, ಹಾಗಾಗಿ ಖರ್ಚು ತಡೆದುಕೊಳ್ಳೋಕೆ ಆಯಿತು. ಉಳಿಯೋಕೆ ನೆಂಟರ ಮನೆ ಇಲ್ಲದವರು ಊರಿಗೆ ಹತ್ತಿರದ ಜಾಗ ಹುಡುಕಿದರೆ ಒಳ್ಳೇದು. ಮನೆಯವರಿಗೆ ಸಾಲ ಮಾಡಿಸಿ ಬೆಂಗಳೂರಿಗೆ ಬರೋವಷ್ಟು ದೊಡ್ಡ ವಿಷಯ ಅಲ್ಲ ಇದು. ಇನ್ನೊಂದು ಮಾತು, ಡಿಗ್ರಿ ಮುಗಿದ ಮೇಲೆ ಮಾಡೋ ಅಪ್ರೆಂಟಿಸ್‌ಶಿಪ್ ಬೇರೆ. ಅದು 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ ಬರುತ್ತೆ, ಅದರಲ್ಲಿ ಸ್ಟೈಪೆಂಡ್ ಕೊಡಲೇಬೇಕು. ಎರಡನ್ನೂ ಒಂದೇ ಅಂದುಕೊಂಡು ಜಗಳ ಆಡಬೇಡಿ.

ಹುಡುಗಿಯರಿಗೆ ಶಾಪ್ ಫ್ಲೋರ್ ಕಷ್ಟ ಅಂತಾರೆ ಮನೆಯಲ್ಲಿ.

ನಮ್ಮಮ್ಮನೂ ಅಂದಿದ್ದರು. ಕೆಲಸ ಕಷ್ಟ ಆಗಲಿಲ್ಲ. ಕಷ್ಟ ಆಗೋದು ಬೇರೆ ವಿಷಯಗಳು. ಟಾಯ್ಲೆಟ್ ಇದೆಯಾ, ಅದಕ್ಕೆ ಚಿಲಕ ಇದೆಯಾ ಅಂತ ಮೊದಲ ದಿನವೇ ಕೇಳಿ, ನಾಚಿಕೆ ಪಡಬೇಡಿ. ಜನರಲ್ ಶಿಫ್ಟ್ ಮಾತ್ರ ಬರ್ತೀನಿ ಅಂತ ಲೆಟರ್ ಕೊಡುವಾಗಲೇ ಹೇಳಿ. ನಮ್ಮ ಶಾಪ್‌ನಲ್ಲಿ ಇನ್‌ಸ್ಪೆಕ್ಷನ್‌ನಲ್ಲಿ ಇಬ್ಬರು ಅಕ್ಕಂದಿರು ಇದ್ದರು, ನಾನು ಹೋದ ದಿನವೇ ಅವರ ಜೊತೆ ಊಟಕ್ಕೆ ಕೂತೆ, ಅಲ್ಲಿಂದ ಎಲ್ಲಾ ಸುಲಭ ಆಯಿತು.

ದುಪಟ್ಟಾ ಬೇಡ, ಜಡೆ ಎತ್ತಿ ಕಟ್ಟಿ ಕ್ಯಾಪ್ ಒಳಗೆ ಹಾಕಿ, ಬಳೆ ಉಂಗುರ ಮನೆಯಲ್ಲೇ ಬಿಡಿ. ಇದು ಹುಡುಗರಿಗೂ ಅನ್ವಯ ಆಗುತ್ತೆ, ಕೈಯಲ್ಲಿ ಕಟ್ಟಿರೋ ದಾರ, ಸಡಿಲ ತೋಳು ಎರಡೂ ಅಪಾಯ. ತಿರುಗೋ ಸ್ಪಿಂಡಲ್ ಹತ್ತಿರ ಗ್ಲೌಸ್ ಹಾಕಲೇಬಾರದು, ಬಟ್ಟೆ ಸಿಕ್ಕಿದರೆ ಕೈಯನ್ನೂ ಎಳಕೊಂಡು ಹೋಗುತ್ತೆ. ಚಿಪ್ಸ್, ಅಂದರೆ ಕಟಿಂಗ್‌ನಲ್ಲಿ ಬರೋ ಲೋಹದ ಚೂರು, ಬರಿಗೈಯಲ್ಲಿ ಎಳೀಬೇಡಿ. ಏರ್ ಗನ್‌ನಿಂದ ಬಟ್ಟೆ ಮೇಲಿನ ಧೂಳು ಹೊಡ್ಕೊಳ್ಳೋದು ನೋಡಲು ತಮಾಷೆ, ಕಣ್ಣಿಗೆ ಚೂರು ಹೋದರೆ ಗೊತ್ತಾಗುತ್ತೆ.

ಬೇಸಿಗೆ ಶಿಬಿರ ಯಾಕೆ? ಪಾಯಿಂಟ್ಸ್‌ಗೋಸ್ಕರನಾ?

ಶುರು ಮಾಡಿದ್ದು ಪಾಯಿಂಟ್ಸ್‌ಗೇ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ನಿಯಮದ ಪ್ರಕಾರ ಡಿಗ್ರಿ ಸಿಗೋಕೆ ರೆಗ್ಯುಲರ್ ವಿದ್ಯಾರ್ಥಿಗಳಿಗೆ 100 ಆಕ್ಟಿವಿಟಿ ಪಾಯಿಂಟ್ಸ್ ಬೇಕು, ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಂದವರಿಗೆ 75. ಶಿಬಿರಕ್ಕೆ ಎಷ್ಟು ಕೊಡ್ತಾರೆ, ಯಾವ ಫೋಟೋ, ಯಾವ ಲೆಟರ್ ಬೇಕು ಅಂತ ನಿಮ್ಮ ಕೋಆರ್ಡಿನೇಟರ್‌ನ ಮೊದಲೇ ಕೇಳಿಕೊಳ್ಳಿ, ಆಮೇಲೆ ಓಡಾಡೋದು ತಪ್ಪುತ್ತೆ.

ಆದರೆ ಶಿಬಿರದಲ್ಲಿ ಆಗಿದ್ದು ಬೇರೆ. ನಾಲ್ಕರಿಂದ ಎಂಟನೇ ಕ್ಲಾಸ್ ತನಕದ ಮೂವತ್ತು ಮಕ್ಕಳು. ಎರಡನೇ ದಿನ ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲು ನೆಟ್ಟೆವು, ತೂಗುಗುಂಡು ಹಿಡಿದು ನೇರ ಮಾಡಿದೆವು. "ಸೂರ್ಯ ನೆತ್ತಿಗೆ ಬರೋದು ಹನ್ನೆರಡು ಗಂಟೆಗೆ, ಆಗ ನೆರಳು ಎಲ್ಲಕ್ಕಿಂತ ಚಿಕ್ಕದು" ಅಂತ ನಾನು ಮೊದಲೇ ಹೇಳಿಬಿಟ್ಟೆ. ಮಕ್ಕಳು ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಕಲ್ಲು ಇಟ್ಟು ಅಳೆದು ಬರೀತಾ ಹೋದರು. ಹನ್ನೆರಡಕ್ಕೆ 14 ಸೆಂಟಿಮೀಟರ್ ಇತ್ತು. ಬಿಸಿಲು ಜೋರಾಗಿತ್ತು, ಸಾಕು ಬನ್ನಿ ಮಜ್ಜಿಗೆ ಕುಡಿಯೋಣ ಅಂತ ಕರೆದೆ. ಆರನೇ ಕ್ಲಾಸಿನ ಒಬ್ಬ ಹುಡುಗ ಮಾತ್ರ ಏಳಲಿಲ್ಲ. "ಅಕ್ಕಾ, ಇನ್ನೂ ಚಿಕ್ಕದಾಗ್ತಾನೇ ಐತೆ" ಅಂದ.

ಹೋಗಿ ನೋಡಿದೆ. ಅವನು ಹೇಳಿದ್ದು ನಿಜ. 12 ಗಂಟೆ 20 ನಿಮಿಷಕ್ಕೆ ಹನ್ನೊಂದೂವರೆ ಸೆಂಟಿಮೀಟರ್‌ಗೆ ಇಳೀತು, ಅಲ್ಲಿಂದ ಮತ್ತೆ ಬೆಳೆಯೋಕೆ ಶುರು ಆಯಿತು, 12:40ಕ್ಕೆ ಹದಿನಾಲ್ಕು ದಾಟಿತ್ತು. ನಮ್ಮ ಗಡಿಯಾರ ಇಡೀ ದೇಶಕ್ಕೆ ಒಂದೇ, ಅದು ಪೂರ್ವಕ್ಕಿರೋ 82.5 ಡಿಗ್ರಿ ರೇಖಾಂಶದ ಲೆಕ್ಕದ್ದು. ನಮ್ಮೂರು ಸುಮಾರು 77 ಡಿಗ್ರಿಯಲ್ಲಿದೆ, ಒಂದೊಂದು ಡಿಗ್ರಿಗೂ ನಾಲ್ಕು ನಿಮಿಷ ತಡ. ಹಾಗಾಗಿ ನಮ್ಮೂರಿನ ನಡುಮಧ್ಯಾಹ್ನ ಹನ್ನೆರಡಕ್ಕೆ ಬರೋದೇ ಇಲ್ಲ. ಇನ್ನೊಂದು ಹುಡುಗಿ ನೆರಳು ದಕ್ಷಿಣಕ್ಕೆ ಬಿದ್ದಿದೆ ಅಂತ ತೋರಿಸಿದಳು. ಅದೂ ಸರಿ. ಏಪ್ರಿಲ್ ಕೊನೆಯ ವಾರ ನಮ್ಮ ತಲೆ ಮೇಲೆ ಹಾದ ಸೂರ್ಯ ಮೇ ತಿಂಗಳಲ್ಲಿ ಉತ್ತರಕ್ಕೆ ಸರಿದಿರುತ್ತೆ, ಆಗಸ್ಟ್ ನಡುವಿನ ತನಕ ನಡುಮಧ್ಯಾಹ್ನದ ನೆರಳು ದಕ್ಷಿಣಕ್ಕೇ ಬೀಳುತ್ತೆ. ಇಪ್ಪತ್ತು ವರ್ಷ ಆ ಊರಲ್ಲಿ ಬೆಳೆದ ನಾನು ಅದನ್ನು ಒಂದು ಸಲವೂ ಗಮನಿಸಿರಲಿಲ್ಲ.

ಅವನೂ ನನ್ನ ಹಾಗೆ ಹನ್ನೆರಡಕ್ಕೆ ಪುಸ್ತಕ ಮುಚ್ಚಿ ಮಜ್ಜಿಗೆಗೆ ಬಂದಿದ್ದರೆ ಮೂವತ್ತು ಮಕ್ಕಳ ಪುಸ್ತಕದಲ್ಲೂ ನಾನು ಹೇಳಿದ ತಪ್ಪು ಉಳೀತಿತ್ತು. ಮರುದಿನ ಎಲ್ಲರ ಎದುರು "ನಿನ್ನೆ ನಾನು ಹೇಳಿದ್ದು ತಪ್ಪು" ಅಂತ ಹೇಳಿ, ಅವನ ಪುಸ್ತಕದ ಪಟ್ಟಿಯನ್ನೇ ಬೋರ್ಡ್ ಮೇಲೆ ಬರೆದೆ.

ಇಂಗ್ಲಿಷ್‌ನಲ್ಲಿ ಓದಿದ್ದನ್ನು ಮಕ್ಕಳಿಗೆ ಕನ್ನಡದಲ್ಲಿ ಹೇಳೋಕೆ ಬರುತ್ತಾ?

ಮೊದಲು ಬರಲಿಲ್ಲ. ಟಾಲರೆನ್ಸ್ ಅಂದರೆ ಏನು ಅಂತ ಹೇಳೋಕೆ ನಿಂತು ತಡವರಿಸಿದೆ. ಕೊನೆಗೆ ಬಳೆ ನೆನಪಾಯಿತು. ಜಾತ್ರೆಯಲ್ಲಿ ಬಳೆಗಾರರು ಕೈ ನೋಡಿ ಎರಡು ನಾಲ್ಕು, ಎರಡು ಆರು ಅಂತಾರಲ್ಲ, ಅದು ಎರಡು ಇಂಚು ಮತ್ತು ಒಂದು ಇಂಚಿನ ಹದಿನಾರನೇ ಭಾಗದಲ್ಲಿ ನಾಲ್ಕು ಅಥವಾ ಆರು. ಚಿಕ್ಕದಾದರೆ ಕೈಗೆ ಏರಲ್ಲ, ದೊಡ್ಡದಾದರೆ ಜಾರಿ ಬೀಳುತ್ತೆ, ನಡುವೆ ಇದ್ದರೆ ಆಗುತ್ತೆ. ಆ ನಡುವಿನ ಜಾಗವೇ ಟಾಲರೆನ್ಸ್. ಹುಡುಗಿಯರಿಗೆ ತಕ್ಷಣ ಗೊತ್ತಾಯಿತು, ಹುಡುಗರಿಗೆ ಅವರೇ ಹೇಳಿಕೊಟ್ಟರು. ನಿಜ ಹೇಳಬೇಕು ಅಂದರೆ ನನಗೂ ಅಷ್ಟು ಚೆನ್ನಾಗಿ ಅರ್ಥ ಆಗಿದ್ದು ಆವತ್ತೇ.

ಖರ್ಚು ಎಷ್ಟು ಬಂತು? ಏನೇನು ಬೇಕು?

ಹೆಚ್ಚೇನೂ ಇಲ್ಲ. ತಾಮ್ರದ ತಂತಿ, ಸೆಲ್, ಹಳೇ ಸ್ಪೀಕರ್‌ನ ಮ್ಯಾಗ್ನೆಟ್ ಇಟ್ಟು ತಿರುಗೋ ಮೋಟಾರ್ ಮಾಡಿದೆವು. ಸೈಕಲ್ ಪಂಪ್, ಖಾಲಿ ಬಾಟ್ಲಿಯಲ್ಲಿ ನೀರಿನ ರಾಕೆಟ್. ಹಳೇ ಪೇಪರ್ ಮಡಿಸಿ ಸೇತುವೆ. ಮುಖ್ಯೋಪಾಧ್ಯಾಯರ ಅನುಮತಿ, ನೀರು, ನೆರಳು ಮೂರೂ ಸರಿಯಾಗಿರಲಿ, ಮಿಕ್ಕಿದ್ದು ಆಗುತ್ತೆ.

ರಿಪೋರ್ಟ್‌ನಲ್ಲಿ ಏನು ಬರೀಬೇಕು?

ಕಂಪನಿ ಇತಿಹಾಸ ಹತ್ತು ಪುಟ ಕಾಪಿ ಮಾಡಬೇಡಿ. ದಿನಾ ಸಂಜೆ ಮೆಟ್ರೋದಲ್ಲೇ ನಾಲ್ಕು ಸಾಲು ಬರೆಯಿರಿ: ಏನು ಅಳೆದೆ, ಎಷ್ಟು ಬಂತು, ಎಷ್ಟು ಬರಬೇಕಿತ್ತು, ಯಾಕೆ ಬರಲಿಲ್ಲ. ಫೋಟೋ ತೆಗೆಯೋ ಮುಂಚೆ ಕೇಳಿ, ಡ್ರಾಯಿಂಗ್ ಗ್ರಾಹಕರದ್ದು, ಅದು ಹೊರಗೆ ಹೋಗಬಾರದು. ನನ್ನ ರಿಪೋರ್ಟ್‌ನಲ್ಲಿ ಆ ನಾಲ್ಕು ರಿಂಗಿನ ಕಥೆ ಒಂದು ಅಧ್ಯಾಯವೇ ಇದೆ. ವೈವಾದಲ್ಲಿ ಬೇರೆ ಯಾವ ಪುಟವನ್ನೂ ತಿರುಗಿಸಲಿಲ್ಲ.

ಆ ನಾಲ್ಕು ರಿಂಗ್ ಏನಾದವು?

ಮೂರು ಸ್ಕ್ರ್ಯಾಪ್ ಡಬ್ಬಕ್ಕೆ ಹೋದವು. ಕೊನೇ ದಿನ ಸೆಟ್ಟರ್ ಅಣ್ಣ ನಾಲ್ಕನೆಯದಕ್ಕೆ ಕೆಂಪು ಬಣ್ಣ ಬಳಿದು, ಸೂಪರ್‌ವೈಸರ್ ಹತ್ತಿರ ಗೇಟ್ ಪಾಸ್ ಬರೆಸಿ ನನ್ನ ಕೈಗೆ ಕೊಟ್ಟರು. ಅದನ್ನು ಶಿಬಿರಕ್ಕೆ ತಗೊಂಡು ಹೋದೆ, ಕಾಲೇಜ್ ಲ್ಯಾಬಿನಿಂದ ಕೇಳಿ ತಂದ ವರ್ನಿಯರ್ ಅನ್ನೋ ಅಳತೆ ಸಾಧನದ ಜೊತೆ. ಒಬ್ಬೊಬ್ಬರಾಗಿ ಅಳೆಯೋಕೆ ಕೊಟ್ಟೆ. ಎಷ್ಟು ಬರಬೇಕು ಅಂತ ಈ ಸಲ ಯಾರಿಗೂ ಹೇಳಲಿಲ್ಲ. ಆಮೇಲೆ ಅದನ್ನು ಬಿಸಿಲಲ್ಲಿ ಕಾದ ತಗಡಿನ ಮೇಲೆ ಮುಕ್ಕಾಲು ಗಂಟೆ ಇಟ್ಟು, ಬಟ್ಟೆಯಲ್ಲಿ ಹಿಡಿದು ಇನ್ನೊಂದು ಸಲ ಅಳೆಸಿದೆ.

ನೆರಳು ಅಳೆದ ಅದೇ ಹುಡುಗ ವರ್ನಿಯರ್ ಗೆರೆಗಳನ್ನು ಮೂರು ಸಲ ನೋಡಿ ಬರೆದುಕೊಂಡ. ನೆರಳಲ್ಲಿ 79.96, ಬಿಸಿಲಲ್ಲಿ 80.00. ಬರೆದು ಮುಗಿಸಿ, "ಅಕ್ಕಾ, ಇದನ್ನ ಬಾವಿ ನೀರಿಗೆ ಹಾಕಿ ಅಳೆದ್ರೆ?" ಅಂತ ಕೇಳಿ ಬಕೆಟ್ ತರೋಕೆ ಓಡಿದ.